ಮಾಯಾಲೋಕದ ವಿಠಲಾಚಾರ್ಯ: ಮೈಸೂರಿನಿಂದ ಮದರಾಸಿಗೆ

ತೆಲುಗರು 'ಜಾನಪದ ಬ್ರಹ್ಮ' ಎಂದು ಕೊಂಡಾಡಿದ ನಿರ್ದೇಶಕ ಬಿ. ವಿಠಲಾಚಾರ್ಯರು ಅಪ್ಪಟ ಕನ್ನಡಿಗರು. ಅವರ ಚಿತ್ರಜೀವನ ರೂಪುಗೊಂಡದ್ದು ಮೈಸೂರಿನಲ್ಲಿ ಎಂಬುದನ್ನು ಕನ್ನಡ ಚಿತ್ರರಂಗ ನೆನೆಯುವುದು ಅಪರೂಪ.

1920ರಲ್ಲಿ ಉಡುಪಿ ಬಳಿಯ ಉದ್ಯಾವರದಲ್ಲಿ ಜನಿಸಿದ ಅವರ ಓದು ಮೂರನೇ ತರಗತಿಗೇ ನಿಂತಿತು. ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಸೆರೆವಾಸ ಅನುಭವಿಸಿದ ಬಳಿಕ ಗೆಳೆಯರೊಡನೆ ಅರಸೀಕೆರೆಯಲ್ಲಿ ಟೂರಿಂಗ್ ಟಾಕೀಸ್ ನಡೆಸಿದರು. ಬಂದ ಚಿತ್ರಗಳನ್ನೆಲ್ಲ ಬಿಡದೆ ನೋಡಿದ ಆ ಟೆಂಟೇ ಅವರ ಪಾಠಶಾಲೆ.

ಮುಂದೆ ಡಿ. ಶಂಕರ್‌ಸಿಂಗ್ ಮೊದಲಾದವರೊಂದಿಗೆ ಮಹಾತ್ಮ ಪಿಕ್ಚರ್ಸ್ ಕಟ್ಟಿ ಮೈಸೂರಿಗೆ ಬಂದರು. 'ನಾಗಕನ್ನಿಕಾ' (1949) ಈ ಸಂಸ್ಥೆಯದೇ. ಶಂಕರ್‌ಸಿಂಗ್ ನಿರ್ದೇಶಿಸಿದ 'ಜಗನ್ಮೋಹಿನಿ' (1951) ಶತದಿನ ಕಂಡ ಮೊದಲ ಕನ್ನಡ ಚಿತ್ರವೆಂಬ ಹೆಸರು ಗಳಿಸಿತು. ಪುರಾಣಕಥೆಗಳೇ ಮೆರೆಯುತ್ತಿದ್ದ ತೆರೆಯ ಮೇಲೆ ಕಲ್ಪಿತ ಮಾಯಾಕಥೆಗೂ ಜನ ಮುಗಿಬಿದ್ದದ್ದು ಸಣ್ಣ ಸಂಗತಿಯಲ್ಲ.

1953ರಲ್ಲಿ ವಿಠಲ್ ಪ್ರೊಡಕ್ಷನ್ಸ್ ಆರಂಭಿಸಿದ ಆಚಾರ್ಯರು ಕ್ರಮೇಣ ಮದರಾಸು ಸೇರಿ ತೆಲುಗಿನಲ್ಲಿ ನೆಲೆಯೂರಿದರು. ಎನ್.ಟಿ. ರಾಮರಾವ್ ನಾಯಕರಾಗಿದ್ದ 'ಬಂದಿಪೋಟು' (1963), 'ಅಗ್ಗಿ ಪಿಡುಗು' (1964) ಅವರ ನಿರ್ದೇಶನದವೇ.

ಕಂಪ್ಯೂಟರ್ ಗ್ರಾಫಿಕ್ಸ್ ಇಲ್ಲದ ಕಾಲವದು. ಕ್ಯಾಮೆರಾ ನಿಲ್ಲಿಸಿ, ನಟನನ್ನು ಸರಿಸಿ, ಮತ್ತೆ ಓಡಿಸಿದರೆ ಮನುಷ್ಯ ಮಾಯ! ಮಿತವ್ಯಯಕ್ಕೆ ಹೆಸರಾಗಿದ್ದ ಆಚಾರ್ಯರಿಗೆ ಇಂಥ ತಂತ್ರಗಳೇ ಬಂಡವಾಳ. ಕಾಲ್‌ಷೀಟ್ ಕೊಡದೆ ಸತಾಯಿಸುವ ನಟನ ಪಾತ್ರವನ್ನು ಶಾಪದ ನೆಪದಲ್ಲಿ ಪ್ರಾಣಿಯಾಗಿಸಿ ಚಿತ್ರೀಕರಣ ಮುಗಿಸುತ್ತಿದ್ದರೆಂಬ ಕಥೆ ಚಿತ್ರರಂಗದಲ್ಲಿ ಪ್ರಚಲಿತ. ನಿಜವೋ ಉತ್ಪ್ರೇಕ್ಷೆಯೋ, ಅವರ ಸ್ವಭಾವಕ್ಕಂತೂ ಒಪ್ಪುತ್ತದೆ.

ಮೈಸೂರಿನ ಗೆಲುವಿನ ಹೆಸರನ್ನು ಅವರು ಕೈಬಿಡಲಿಲ್ಲ. 1978ರಲ್ಲಿ ಜಯಮಾಲಿನಿ ಮೋಹಿನಿಯಾಗಿ ನಟಿಸಿದ ಅವರ ತೆಲುಗು ಚಿತ್ರಕ್ಕೂ 'ಜಗನ್ಮೋಹಿನಿ' ಎಂದೇ ಹೆಸರು. ಅದೂ ಭರ್ಜರಿ ಯಶಸ್ಸು ಕಂಡಿತು. ಆಚಾರ್ಯರು 1999ರ ಮೇ 28ರಂದು ನಿಧನರಾದರು.