ಹಳ್ಳಿಗಾಗಿ ಆಕಾಶ ನೋಡಿದ ವಿಜ್ಞಾನಿ: ಡಾ. ವಿಕ್ರಮ್ ಸಾರಾಭಾಯಿ

ನಮ್ಮ ಪ್ರೌಢಶಾಲೆ ಆರಂಭವಾದದ್ದು 1975ರಲ್ಲಿ. ಅದೇ ವರ್ಷದ ಏಪ್ರಿಲ್ 19ರಂದು ಭಾರತದ ಮೊದಲ ಉಪಗ್ರಹ ಆರ್ಯಭಟ ಆಕಾಶಕ್ಕೇರಿತು. ಅದು ತಯಾರಾದದ್ದು ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ. ಅದೇ ವರ್ಷದ ಆಗಸ್ಟ್ 1ರಂದು ಆಗಿನ ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ನೂರಾರು ಹಳ್ಳಿಗಳಲ್ಲಿ ಜನ ಮೊದಲ ಸಲ ಟಿವಿ ನೋಡಿದರು. ಕಾರ್ಯಕ್ರಮ ಬರುತ್ತಿದ್ದುದು ನೇರವಾಗಿ ಉಪಗ್ರಹದಿಂದ, ಅದೂ ಕನ್ನಡದಲ್ಲಿ. ಈ ಎರಡೂ ಕೆಲಸಗಳಿಗೆ ಬೀಜ ಬಿತ್ತಿದವರು ಡಾ. ವಿಕ್ರಮ್ ಸಾರಾಭಾಯಿ. ಬೆಳೆ ನೋಡಲು ಮಾತ್ರ ಅವರು ಇರಲಿಲ್ಲ. ಶಾಲೆಗೆ ಐವತ್ತು ತುಂಬಿದ ಈ ಹೊತ್ತಿನಲ್ಲಿ ಅವರ ಬದುಕನ್ನು ನಮ್ಮ ಮಕ್ಕಳ ಮುಂದೆ ಇಡುವುದು ಸೂಕ್ತವೆಂದು ಭಾವಿಸಿ ಈ ಲೇಖನ ಬರೆದಿದ್ದೇನೆ.

ವಿಕ್ರಮ್ ಸಾರಾಭಾಯಿ ಹುಟ್ಟಿದ್ದು 1919ರ ಆಗಸ್ಟ್ 12ರಂದು, ಅಹಮದಾಬಾದಿನಲ್ಲಿ. ತಂದೆ ಅಂಬಾಲಾಲ್ ದೊಡ್ಡ ಬಟ್ಟೆ ಗಿರಣಿಯ ಮಾಲೀಕರು, ತಾಯಿ ಸರಳಾದೇವಿ. ಎಂಟು ಮಕ್ಕಳ ಮನೆ. ಅವರು ಹುಟ್ಟುವ ಹಿಂದಿನ ವರ್ಷ ಅಹಮದಾಬಾದಿನ ಗಿರಣಿ ಕಾರ್ಮಿಕರು ಕೂಲಿ ಹೆಚ್ಚಳಕ್ಕಾಗಿ ಮುಷ್ಕರ ಹೂಡಿದ್ದರು. ಕಾರ್ಮಿಕರ ಪರವಾಗಿ ಗಾಂಧೀಜಿ ಉಪವಾಸ ಕೂತರು. ಅವರ ಜೊತೆ ನಿಂತು ಮುಷ್ಕರ ನಡೆಸಿದವರು ಅನಸೂಯಾ ಸಾರಾಭಾಯಿ, ಅಂದರೆ ಅಂಬಾಲಾಲರ ಸ್ವಂತ ಅಕ್ಕ. ಎದುರು ಪಕ್ಷದಲ್ಲಿದ್ದ ಮಾಲೀಕರಲ್ಲಿ ತಮ್ಮನೇ ಮುಖ್ಯ. ಹೀಗಿದ್ದೂ ಅಕ್ಕ ತಮ್ಮಂದಿರ ಸಂಬಂಧ ಮುರಿಯಲಿಲ್ಲ. ಐಶ್ವರ್ಯ ತುಂಬಿದ ಆ ಮನೆಯಲ್ಲಿ ದುಡಿಯುವವನ ಮಾತಿಗೂ ಬೆಲೆಯಿತ್ತು. ಮಗು ವಿಕ್ರಮ್ ಬೆಳೆದದ್ದು ಇಂಥ ವಾತಾವರಣದಲ್ಲಿ.

ತಾಯಿ ಮಕ್ಕಳನ್ನು ಹೊರಗಿನ ಶಾಲೆಗೆ ಕಳಿಸದೆ ಮನೆಯಲ್ಲೇ ಮಾಂಟೆಸ್ಸರಿ ಪದ್ಧತಿಯ ಶಾಲೆ ತೆರೆದಿದ್ದರು. ಅಲ್ಲಿ ಪುಸ್ತಕದ ಜೊತೆಗೆ ಮಕ್ಕಳು ಕೈಯಿಂದ ಕೆಲಸ ಮಾಡಲು ಕಾರ್ಯಾಗಾರವೂ ಇತ್ತು. ಬಾಲಕ ವಿಕ್ರಮ್ ಅಲ್ಲಿ ರೈಲು ಎಂಜಿನ್ನಿನ ಮಾದರಿಯೊಂದನ್ನು ಕಟ್ಟಿದ್ದರು. ಮುಂದೆ ಅಹಮದಾಬಾದಿನ ಗುಜರಾತ್ ಕಾಲೇಜಿನಲ್ಲಿ ಓದಿ, ಇಂಗ್ಲೆಂಡಿನ ಕೇಂಬ್ರಿಜ್‌ಗೆ ಹೋದರು.

ಅಷ್ಟರಲ್ಲಿ ಎರಡನೇ ಮಹಾಯುದ್ಧ ಶುರುವಾಯಿತು. ಭಾರತಕ್ಕೆ ಮರಳಿದ ಅವರು ಬೆಂಗಳೂರಿಗೆ ಬಂದು, ಟಾಟಾ ಇನ್‌ಸ್ಟಿಟ್ಯೂಟ್ ಎಂದು ಜನ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸರ್ ಸಿ. ವಿ. ರಾಮನ್ ಅವರ ಬಳಿ ಸಂಶೋಧನೆಗೆ ತೊಡಗಿದರು. ಹೋಮಿ ಭಾಭಾ ಕೂಡ ಆಗ ಅಲ್ಲಿಯೇ ಇದ್ದರು. ವಿಕ್ರಮ್ ಆರಿಸಿಕೊಂಡ ವಿಷಯ ವಿಶ್ವಕಿರಣಗಳು. ಅಂತರಿಕ್ಷದಿಂದ ಹಗಲೂ ರಾತ್ರಿ ಭೂಮಿಯ ಮೇಲೆ ಸುರಿಯುವ, ಕಣ್ಣಿಗೆ ಕಾಣದ ಕಣಗಳ ಮಳೆ ಇದು. ಈ ಮಳೆ ಯಾವಾಗ ಹೆಚ್ಚುತ್ತದೆ, ಯಾವಾಗ ತಗ್ಗುತ್ತದೆ ಎಂದು ಅಳೆಯಲು ಬೆಂಗಳೂರಿನಲ್ಲೂ ಕಾಶ್ಮೀರದ ಎತ್ತರದ ಬೆಟ್ಟಗಳಲ್ಲೂ ಉಪಕರಣ ಹೂಡಿದರು. ನೃತ್ಯ ಕಲಾವಿದೆ ಮೃಣಾಲಿನಿ ಸ್ವಾಮಿನಾಥನ್ ಅವರ ಪರಿಚಯವಾದದ್ದೂ ಬೆಂಗಳೂರಿನಲ್ಲೇ. 1942ರಲ್ಲಿ ಇಬ್ಬರ ಮದುವೆಯಾಯಿತು. ಯುದ್ಧ ಮುಗಿದ ಮೇಲೆ ಮತ್ತೆ ಕೇಂಬ್ರಿಜ್‌ಗೆ ಹೋಗಿ 1947ರಲ್ಲಿ ಡಾಕ್ಟರೇಟ್ ಪಡೆದರು.

ಸ್ವಾತಂತ್ರ್ಯ ಬಂದ ವರ್ಷ ಊರಿಗೆ ಮರಳಿದಾಗ ಅವರಿಗೆ 28 ವಯಸ್ಸು. ಆ ವರ್ಷದ ನವೆಂಬರಿನಲ್ಲೇ ಅಹಮದಾಬಾದಿನಲ್ಲಿ ಭೌತ ಸಂಶೋಧನಾ ಪ್ರಯೋಗಾಲಯ ಆರಂಭವಾಯಿತು. ಸ್ವಂತ ಕಟ್ಟಡವಿರಲಿಲ್ಲ, ಕಾಲೇಜೊಂದರ ಕೆಲವು ಕೋಣೆಗಳಲ್ಲಿ ಕೆಲಸ ನಡೆಯಿತು. ನಿರ್ದೇಶಕರ ಕುರ್ಚಿಯಲ್ಲಿ ತಾವು ಕೂರದೆ, ಹಿರಿಯ ಹವಾಮಾನ ವಿಜ್ಞಾನಿ ಕೆ. ಆರ್. ರಾಮನಾಥನ್ ಅವರನ್ನು ಕೂರಿಸಿದರು. ಅದೇ ಕಾಲದಲ್ಲಿ ಜವಳಿ ಗಿರಣಿಗಳಿಗಾಗಿ ಅಟಿರಾ ಎಂಬ ಸಂಶೋಧನಾ ಸಂಸ್ಥೆಯನ್ನೂ ಕಟ್ಟಿದರು. ಅಲ್ಲಿಯವರೆಗೆ ಗಿರಣಿಗಳಲ್ಲಿ ನೂಲಿನ ಗುಣವನ್ನು ತೀರ್ಮಾನಿಸುತ್ತಿದ್ದುದು ಅನುಭವಿಗಳ ಕೈ ಮತ್ತು ಕಣ್ಣು. ಅದಕ್ಕೆ ಅಳತೆ, ಲೆಕ್ಕ, ಪರೀಕ್ಷೆ ಸೇರಿಸಿದ್ದು ಅಟಿರಾ. 1949ರಲ್ಲಿ ಮೃಣಾಲಿನಿಯವರ ಜೊತೆ ದರ್ಪಣ ಕಲಾಸಂಸ್ಥೆ, 1961ರಲ್ಲಿ ಅಹಮದಾಬಾದಿನ ಭಾರತೀಯ ನಿರ್ವಹಣಾ ಸಂಸ್ಥೆ, ಮುಂದೆ ಮಕ್ಕಳಿಗಾಗಿ ಸಮುದಾಯ ವಿಜ್ಞಾನ ಕೇಂದ್ರ, ಹೀಗೆ ಒಂದರ ಹಿಂದೆ ಒಂದು ಸಂಸ್ಥೆ ಎದ್ದು ನಿಂತವು. ದೇಶ ಬೆಳೆಯಬೇಕಾದರೆ ವಿಜ್ಞಾನಿ, ವ್ಯವಸ್ಥಾಪಕ, ಕಲಾವಿದ, ಮೇಷ್ಟ್ರು ಎಲ್ಲರೂ ಒಟ್ಟಿಗೆ ಬೆಳೆಯಬೇಕು ಎಂಬುದು ಅವರ ನಂಬಿಕೆಯಾಗಿತ್ತು.

1962ರಲ್ಲಿ ಸರ್ಕಾರ ಬಾಹ್ಯಾಕಾಶ ಸಂಶೋಧನೆಗೆ ರಾಷ್ಟ್ರೀಯ ಸಮಿತಿ ರಚಿಸಿತು. ಅದರ ಅಧ್ಯಕ್ಷತೆ ಸಾರಾಭಾಯಿಯವರಿಗೆ ಬಂತು. ರಾಕೆಟ್ ಹಾರಿಸಲು ಅವರು ಆರಿಸಿದ ಜಾಗ ತಿರುವನಂತಪುರದ ಹತ್ತಿರದ ತುಂಬಾ ಎಂಬ ಬೆಸ್ತರ ಹಳ್ಳಿ. ಭೂಮಿಯ ಕಾಂತೀಯ ಸಮಭಾಜಕ ರೇಖೆ ಅದರ ಸಮೀಪದಲ್ಲೇ ಹಾದುಹೋಗುತ್ತದೆ. ಆ ರೇಖೆಯ ನೆತ್ತಿಯ ಮೇಲಿನ ವಾತಾವರಣದಲ್ಲಿ ಹರಿಯುವ ವಿದ್ಯುತ್ ಪ್ರವಾಹವನ್ನು ಅಭ್ಯಾಸ ಮಾಡಲು ಅದು ಹೇಳಿ ಮಾಡಿಸಿದ ಜಾಗ. ಆದರೆ ಅಲ್ಲಿ ಬೆಸ್ತರ ಮನೆಗಳಿದ್ದವು, ಅವರು ಪ್ರಾರ್ಥಿಸುವ ಮೇರಿ ಮ್ಯಾಗ್ಡಲಿನ್ ಚರ್ಚ್ ಇತ್ತು. ಸಾರಾಭಾಯಿ ಹೋಗಿ ಬಿಷಪ್ ಪೀಟರ್ ಬರ್ನಾರ್ಡ್ ಪೆರೇರಾ ಅವರನ್ನು ಕಂಡರು. ಬಿಷಪ್ ಆ ವಿಷಯವನ್ನು ಭಕ್ತರ ಮುಂದಿಟ್ಟು ಅವರ ಒಪ್ಪಿಗೆ ಕೇಳಿದರು. ಬಡ ಬೆಸ್ತರು ಒಪ್ಪಿ ಊರು ಬಿಟ್ಟುಕೊಟ್ಟರು. ಭಾರತದ ಬಾಹ್ಯಾಕಾಶ ಸಾಹಸಕ್ಕೆ ಮೊದಲ ದಾನ ಬಂದದ್ದು ಈ ಕೈಗಳಿಂದ.

ಚರ್ಚ್ ಕಟ್ಟಡವೇ ಕಚೇರಿಯೂ ಕಾರ್ಯಾಗಾರವೂ ಆಯಿತು. ರಾಕೆಟ್ಟಿನ ಭಾಗಗಳನ್ನು ಸೈಕಲ್ಲಿನ ಹಿಂದೆ ಇಟ್ಟುಕೊಂಡು ತಳ್ಳಿಕೊಂಡು ಹೋದ ದಿನಗಳವು. 1963ರ ನವೆಂಬರ್ 21ರ ಸಂಜೆ ಮೊದಲ ರಾಕೆಟ್ ಮೇಲೇರಿತು. ರಾಕೆಟ್ ಅಮೆರಿಕದ್ದು, ಅದರೊಳಗಿನ ಸೋಡಿಯಂ ಆವಿಯ ಉಪಕರಣ ಫ್ರಾನ್ಸಿನದು. ನಮ್ಮದೆಂದು ಹೇಳಿಕೊಳ್ಳಲು ಇದ್ದದ್ದು ನೆಲ ಮತ್ತು ಕಲಿಯುವ ಹಂಬಲವಿದ್ದ ಕೆಲವು ಯುವಕರು. ಅವರಲ್ಲಿ ಒಬ್ಬರು ರಾಮೇಶ್ವರದ ಎ. ಪಿ. ಜೆ. ಅಬ್ದುಲ್ ಕಲಾಂ. ನಾಲ್ಕೇ ವರ್ಷದಲ್ಲಿ, 1967ರಲ್ಲಿ, ರೋಹಿಣಿ ಎಂಬ ಸ್ವದೇಶಿ ಪುಟ್ಟ ರಾಕೆಟ್ ಅದೇ ತೀರದಿಂದ ಹಾರಿತು.

ಆ ಕಾಲ ಎಂಥದ್ದು ಎಂಬುದನ್ನು ನಮ್ಮ ಹಿರಿಯರು ಬಲ್ಲರು. 1965 ಮತ್ತು 66ರಲ್ಲಿ ಬರ ಬಿದ್ದು, ಅಮೆರಿಕದಿಂದ ಹಡಗಿನಲ್ಲಿ ಬರುವ ಗೋಧಿಗಾಗಿ ದೇಶ ಕಾಯುತ್ತಿತ್ತು. ಹೊಟ್ಟೆಗೆ ಹಿಟ್ಟಿಲ್ಲದ ದೇಶಕ್ಕೆ ರಾಕೆಟ್ ಏಕೆ ಎಂದು ಅನೇಕರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಸಾರಾಭಾಯಿ ಅದರಿಂದ ತಪ್ಪಿಸಿಕೊಳ್ಳಲಿಲ್ಲ. ಶ್ರೀಮಂತ ದೇಶಗಳ ಜೊತೆ ಚಂದ್ರನಿಗೆ ಓಟದ ಪಂದ್ಯ ಕಟ್ಟುವ ಆಸೆ ನಮಗಿಲ್ಲ, ಆದರೆ ಜನಸಾಮಾನ್ಯರ ಕಷ್ಟ ನೀಗಲು ಹೊಸ ತಂತ್ರಜ್ಞಾನ ಬಳಸುವುದರಲ್ಲಿ ನಾವು ಯಾರಿಗೂ ಹಿಂದೆ ಬೀಳಬಾರದು ಎಂಬುದು ಅವರ ನಿಲುವು.

ಅದರ ಹಿಂದೆ ಒಂದು ಸರಳ ಲೆಕ್ಕವಿತ್ತು. ಟಿವಿಯನ್ನು ನೆಲದ ಮೇಲಿನ ಗೋಪುರಗಳ ಮೂಲಕ ಹರಡಿದರೆ ಅದು ಮೊದಲು ದೊಡ್ಡ ನಗರಕ್ಕೆ, ಆಮೇಲೆ ಪಟ್ಟಣಕ್ಕೆ, ಹತ್ತಾರು ವರ್ಷಗಳಾದ ಮೇಲೆ ಹಳ್ಳಿಗೆ ಬರುತ್ತದೆ. ರಸ್ತೆ, ಕರೆಂಟು, ಆಸ್ಪತ್ರೆ ಎಲ್ಲವೂ ಬಂದದ್ದು ಇದೇ ಸಾಲಿನಲ್ಲಿ. ಆಕಾಶದಲ್ಲಿರುವ ಉಪಗ್ರಹಕ್ಕೆ ದೆಹಲಿಯೂ ಒಂದೇ, ಕೊನೆಯ ಹಳ್ಳಿಯೂ ಒಂದೇ. ಸರದಿಯ ಕೊನೆಯಲ್ಲಿ ನಿಂತವನಿಗೆ ಮೊದಲ ದಿನವೇ ತಲುಪುವ ದಾರಿಯನ್ನು ಅವರು ಅದರಲ್ಲಿ ಕಂಡರು. 1967ರಲ್ಲಿ ದೆಹಲಿಯ ಸುತ್ತಲಿನ 80 ಹಳ್ಳಿಗಳಲ್ಲಿ ರೈತರಿಗಾಗಿ ಕೃಷಿದರ್ಶನ ಟಿವಿ ಕಾರ್ಯಕ್ರಮ ಶುರುವಾಯಿತು. ಕೇರಳದ ತೆಂಗಿನ ತೋಟಗಳಿಗೆ ತಗಲಿದ ರೋಗವನ್ನು ಹೆಲಿಕಾಪ್ಟರಿನಿಂದ ವಿಶೇಷ ಫಿಲಂನಲ್ಲಿ ಚಿತ್ರ ತೆಗೆದು ಗುರುತಿಸುವ ಪ್ರಯೋಗವೂ ನಡೆಯಿತು. 1969ರಲ್ಲಿ ಅಮೆರಿಕದ ನಾಸಾ ಸಂಸ್ಥೆಯ ಉಪಗ್ರಹವನ್ನು ಒಂದು ವರ್ಷ ನಮ್ಮ ಹಳ್ಳಿಗಳಿಗಾಗಿ ಬಳಸುವ ಒಪ್ಪಂದವಾಯಿತು. ಅದೇ ವರ್ಷದ ಆಗಸ್ಟ್ 15ರಂದು ಇಸ್ರೋ ಸ್ಥಾಪನೆಯಾಯಿತು.

ಇಷ್ಟರಲ್ಲಿ ಅವರ ಹೆಗಲಿಗೆ ಇನ್ನೊಂದು ದೊಡ್ಡ ಭಾರ ಬಿದ್ದಿತ್ತು. 1966ರ ಜನವರಿಯಲ್ಲಿ ಹೋಮಿ ಭಾಭಾ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಅವರ ನಂತರ ಅಣುಶಕ್ತಿ ಆಯೋಗವನ್ನೂ ಸಾರಾಭಾಯಿಯವರೇ ನೋಡಿಕೊಳ್ಳಬೇಕಾಯಿತು. 1970ರಲ್ಲಿ ಅಣುಶಕ್ತಿ ಮತ್ತು ಬಾಹ್ಯಾಕಾಶಕ್ಕೆ ಹತ್ತು ವರ್ಷದ ಯೋಜನೆ ಮುಂದಿಟ್ಟರು. ಅದರಲ್ಲಿ ಬರೆದದ್ದೆಲ್ಲ ಹೇಳಿದ ಕಾಲಕ್ಕೆ ಆಗಲಿಲ್ಲ. ಅಣು ವಿದ್ಯುತ್ತಿನ ಗುರಿ ಬಹಳ ಹಿಂದೆ ಬಿತ್ತು. ಸ್ವದೇಶಿ ರಾಕೆಟ್ಟಿನಲ್ಲಿ ಉಪಗ್ರಹ ಕಳಿಸುವ ಕನಸು 1980ರವರೆಗೆ ಕಾಯಬೇಕಾಯಿತು. ದೊಡ್ಡ ಕನಸು ಕಂಡವರ ಲೆಕ್ಕವೂ ತಪ್ಪುತ್ತದೆ ಎಂಬುದನ್ನು ಮಕ್ಕಳು ತಿಳಿದಿರಬೇಕು.

1971ರ ಡಿಸೆಂಬರ್ ಕೊನೆಯಲ್ಲಿ ಅವರು ತುಂಬಾದ ಕೆಲಸಕ್ಕೆಂದು ತಿರುವನಂತಪುರಕ್ಕೆ ಬಂದಿದ್ದರು. 30ರ ಬೆಳಿಗ್ಗೆ ಕೋವಳಂನ ವಸತಿಗೃಹದ ಕೋಣೆಯಿಂದ ಅವರು ಏಳಲೇ ಇಲ್ಲ. ಆಗ ಅವರಿಗೆ ಕೇವಲ 52 ವರ್ಷ.

ವ್ಯಕ್ತಿ ಹೋದರೂ ಕೆಲಸ ನಿಲ್ಲಲಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದ ಸತೀಶ್ ಧವನ್ 1972ರಲ್ಲಿ ಹೊಣೆ ಹೊತ್ತರು, ಬೆಂಗಳೂರು ಇಸ್ರೋದ ಕೇಂದ್ರಸ್ಥಾನವಾಯಿತು. ಸಾರಾಭಾಯಿಯವರ ಶಿಷ್ಯ, ಉಡುಪಿ ಬಳಿಯ ಅದಮಾರಿನ ಯು. ಆರ್. ರಾವ್ ಅವರ ತಂಡ ಆರ್ಯಭಟವನ್ನು ಕಟ್ಟಿತು. ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಉಪಗ್ರಹದ ಟಿವಿ ಬಂತು. ಬೆಳಿಗ್ಗೆ ಶಾಲಾ ಮಕ್ಕಳಿಗೆ ಪಾಠ, ಸಂಜೆ ಬೇಸಾಯ, ಆರೋಗ್ಯದ ಮಾತು. ಕೋಳಿ ಜಾಲರಿಯಿಂದ ಮಾಡಿದ ಹತ್ತಡಿಯ ಛತ್ರಿ ಆ ಊರುಗಳ ಹಿರಿಯರಿಗೆ ಇನ್ನೂ ನೆನಪಿರಬಹುದು. 1976ರ ಜುಲೈ 31ಕ್ಕೆ ಒಪ್ಪಂದ ಮುಗಿದು ಉಪಗ್ರಹ ಹೊರಟುಹೋಯಿತು. ಎರವಲು ತಂದದ್ದನ್ನು ಹಿಂದಿರುಗಿಸಲೇಬೇಕು. ನಮ್ಮದೇ ಉಪಗ್ರಹ ಏಕೆ ಬೇಕು ಎಂಬುದಕ್ಕೆ ಅದಕ್ಕಿಂತ ದೊಡ್ಡ ಪಾಠ ಬೇಕಿರಲಿಲ್ಲ. ಮುಂದೆ ಇನ್ಸಾಟ್ ಉಪಗ್ರಹಗಳು ಬಂದವು, ಅವುಗಳ ನಿಯಂತ್ರಣ ಕೇಂದ್ರ ನಮ್ಮ ಹಾಸನದಲ್ಲಿ ತಲೆಯೆತ್ತಿತು.

1999ರಲ್ಲಿ ಒಡಿಶಾಕ್ಕೆ ಅಪ್ಪಳಿಸಿದ ಚಂಡಮಾರುತ ಸುಮಾರು ಹತ್ತು ಸಾವಿರ ಜನರನ್ನು ಬಲಿ ತೆಗೆದುಕೊಂಡಿತು. 2013ರಲ್ಲಿ ಅದೇ ತೀರಕ್ಕೆ ಫೈಲಿನ್ ಚಂಡಮಾರುತ ಬಂದಾಗ ಮುನ್ಸೂಚನೆ ಸಿಕ್ಕು ಲಕ್ಷಾಂತರ ಜನರನ್ನು ಮೊದಲೇ ಸುರಕ್ಷಿತ ಜಾಗಕ್ಕೆ ಸಾಗಿಸಲಾಯಿತು. ಸತ್ತವರ ಸಂಖ್ಯೆ ನೂರು ದಾಟಲಿಲ್ಲ. ಇಂದು ಸಮುದ್ರದಲ್ಲಿ ಮೀನು ಎಲ್ಲಿ ಹೆಚ್ಚು ಸಿಗಬಹುದು ಎಂಬ ಸೂಚನೆ ಉಪಗ್ರಹದ ಮಾಹಿತಿಯಿಂದ ಬೆಸ್ತರಿಗೆ ಸಿಗುತ್ತದೆ. ತುಂಬಾದ ಬೆಸ್ತರು ಕೊಟ್ಟ ನೆಲದ ಸಾಲ ಹೀಗೆ ಸ್ವಲ್ಪವಾದರೂ ತೀರುತ್ತಿದೆ ಎನ್ನಬಹುದು. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಚಂದ್ರನ ಮೇಲೆ ಇಳಿದದ್ದನ್ನು ನಾವೆಲ್ಲ ಕಣ್ಣಾರೆ ಕಂಡೆವು. 2019ರಲ್ಲಿ ಸೋತು, ಮತ್ತೆ ಎದ್ದು ಗೆದ್ದ ಆ ನೌಕೆಯ ಹೆಸರು ವಿಕ್ರಮ್.

ದೇಶ ಮೇಲೇರಿದೆ, ನಿಜ. ಆದರೆ ಸಾರಾಭಾಯಿಯವರ ಅಳತೆಗೋಲು ರಾಕೆಟ್ ಎಷ್ಟು ಎತ್ತರ ಹೋಯಿತು ಎಂಬುದಾಗಿರಲಿಲ್ಲ, ಅದರ ಫಲ ಎಷ್ಟು ಕೆಳಗಿನವರೆಗೆ ಇಳಿಯಿತು ಎಂಬುದಾಗಿತ್ತು. ನಮ್ಮ ಶಾಲೆಗೂ ಅದೇ ಅಳತೆ ಸಲ್ಲುತ್ತದೆ. ಇಲ್ಲಿ ಓದಿ ದೊಡ್ಡ ಊರು ಸೇರಿದ ಹಳೆಯ ವಿದ್ಯಾರ್ಥಿಗಳು ಶಾಲೆಗೆ ಕಂಪ್ಯೂಟರು, ಉಪಕರಣ ಕೊಡಲು ಮುಂದೆ ಬರುತ್ತಿದ್ದಾರೆ, ಅವರಿಗೆ ನಮಸ್ಕಾರ. ಬಂದ ಉಪಕರಣ ಬೀರುವಿನೊಳಗೆ ಬೀಗ ಹಾಕಿಕೊಂಡು ಕೂರಬಾರದು. ಕೊನೆಯ ಬೆಂಚಿನ ಹುಡುಗಿ ಅದನ್ನು ಕೈಯಲ್ಲಿ ಹಿಡಿದು, ಬಿಚ್ಚಿ, ಜೋಡಿಸಿ, ಬೇಕಾದರೆ ಒಮ್ಮೆ ಕೆಡಿಸಿಯಾದರೂ ಕಲಿಯಲಿ. ಮನೆಯ ಕಾರ್ಯಾಗಾರದಲ್ಲಿ ಆಟದ ರೈಲು ಕಟ್ಟಿದ ಹುಡುಗನೇ ಮುಂದೆ ದೇಶಕ್ಕೆ ಆಕಾಶದ ದಾರಿ ತೋರಿಸಿದ. ಆ ಹುಡುಗನಿಗೆ ಸಿಕ್ಕ ಅವಕಾಶ ನಮ್ಮ ಊರಿನ ಮಕ್ಕಳಿಗೂ ಸಿಗುವಂತೆ ಮಾಡುವುದು ನಮ್ಮೆಲ್ಲರ ಕೆಲಸ.