ದಿನಕರ ದೇಸಾಯಿ: ಗೇಣಿ ಹೋರಾಟದಿಂದ ಜನತಾ ವಿದ್ಯಾಲಯದವರೆಗೆ

ದಿನಕರ ದೇಸಾಯಿಯವರನ್ನು ಕನ್ನಡ ಸಾಹಿತ್ಯ ಚರಿತ್ರೆಯು ಬಹುಮಟ್ಟಿಗೆ ಚುಟುಕ ಕವಿಯೆಂದೇ ಗುರುತಿಸಿದೆ. ಇದರಿಂದಾಗಿ ಅವರ ಬದುಕಿನ ಪ್ರಧಾನ ಕಾಯಕವಾದ ಶಿಕ್ಷಣ ಪ್ರಸಾರವು ಹಿನ್ನೆಲೆಗೆ ಸರಿದಿದೆ. ರೈತ ಹೋರಾಟ ಹಾಗೂ ಶಾಲೆಗಳ ಸ್ಥಾಪನೆಗಳನ್ನು ಅವರ ಬದುಕಿನ ಎರಡು ಬೇರೆ ಅಧ್ಯಾಯಗಳೆಂದು ನೋಡುವ ಕ್ರಮವೂ ಮರುಪರಿಶೀಲನೆಗೆ ಅರ್ಹವಾಗಿದೆ.

1909ರಲ್ಲಿ ಅಂಕೋಲಾ ತಾಲ್ಲೂಕಿನಲ್ಲಿ ಶಿಕ್ಷಕರೊಬ್ಬರ ಮಗನಾಗಿ ಜನಿಸಿದ ದೇಸಾಯಿಯವರು ಮೈಸೂರು, ಧಾರವಾಡ ಮತ್ತು ಮುಂಬಯಿಗಳಲ್ಲಿ ಓದಿ ಎಂ.ಎ. ಹಾಗೂ ಕಾನೂನು ಪದವಿಗಳನ್ನು ಪಡೆದರು. ಆನಂತರ ಗೋಪಾಲಕೃಷ್ಣ ಗೋಖಲೆಯವರು 1905ರಲ್ಲಿ ಸ್ಥಾಪಿಸಿದ್ದ ಭಾರತ ಸೇವಕ ಸಮಾಜವನ್ನು ಸೇರಿದರು. ಗೋಖಲೆಯವರು 1911ರಲ್ಲಿ ಮಂಡಿಸಿದ ಪ್ರಾಥಮಿಕ ಶಿಕ್ಷಣ ಮಸೂದೆಯು ಅಂಗೀಕಾರವಾಗಲಿಲ್ಲ. ಅಪೂರ್ಣವಾಗಿ ಉಳಿದ ಆ ಚಿಂತನೆಯ ಮುಂದುವರಿಕೆಯೆಂಬಂತೆ ದೇಸಾಯಿಯವರು 1938ರಲ್ಲಿ ಭಾರತದ ಪ್ರಾಥಮಿಕ ಶಿಕ್ಷಣವನ್ನು ಕುರಿತು ಇಂಗ್ಲಿಷಿನಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು.

ಇದೇ ಅವಧಿಯಲ್ಲಿ ಅವರು ಉತ್ತರ ಕನ್ನಡದ ಗೇಣಿದಾರರನ್ನು ರೈತಕೂಟದ ಮೂಲಕ ಸಂಘಟಿಸಿದರು. ಪರಿಣಾಮವಾಗಿ 1940ರಲ್ಲಿ ಬ್ರಿಟಿಷ್ ಸರಕಾರವು ಅವರನ್ನು ಜಿಲ್ಲೆಯಿಂದ ಗಡಿಪಾರು ಮಾಡಿತು. ಐದು ವರ್ಷ ಅವರು ತಮ್ಮ ಜನರಿಂದ ದೂರ ಉಳಿಯಬೇಕಾಯಿತು. ಗೇಣಿ ಚೀಟಿಯನ್ನು ಓದಲಾರದ ಒಕ್ಕಲಿಗೆ ಕಾನೂನು ನೀಡುವ ಹಕ್ಕು ಕೈಗೆಟುಕದು. ಭೂಮಿಯ ಪ್ರಶ್ನೆಯು ಅಕ್ಷರದ ಪ್ರಶ್ನೆಯೊಡನೆ ಬೆಸೆದುಕೊಳ್ಳುವುದು ಇಲ್ಲಿಯೇ.

1953ರಲ್ಲಿ ಸ್ಥಾಪನೆಯಾದ ಕೆನರಾ ವೆಲ್‌ಫೇರ್ ಟ್ರಸ್ಟ್ ಈ ಬೆಸುಗೆಯ ಸಾಂಸ್ಥಿಕ ರೂಪ. ಕರಾವಳಿಯ ಶಿರಾಲಿ, ಮುರ್ಡೇಶ್ವರಗಳಿಂದ ಘಟ್ಟದ ಮೇಲಿನ ದಾಂಡೇಲಿಯವರೆಗೆ ಅದರ ಪ್ರೌಢಶಾಲೆಗಳು ತೆರೆದವು. ಅವುಗಳಿಗೆ ದಾನಿಗಳ ಹೆಸರಿಗೆ ಬದಲಾಗಿ ಜನತಾ ವಿದ್ಯಾಲಯವೆಂಬ ಹೆಸರು ಬಂದುದು ಗಮನಾರ್ಹ. ಅಂಕೋಲೆಯಿಂದ ಅರಬೈಲು ಘಟ್ಟವನ್ನೇರಿದರೆ ದೊರೆಯುವ ಇಡಗುಂದಿಯಂತಹ ಸೀಮೆಯಲ್ಲಿ ಮನೆಗಳು ಕಾಡು, ತೋಟಗಳ ನಡುವೆ ಚದುರಿವೆ. ಇಂತಹ ಜಿಲ್ಲೆಯಲ್ಲಿ ಶಾಲೆಯ ದೂರವೇ ಅಸಮಾನತೆಯ ಒಂದು ರೂಪ. ಪಟ್ಟಣಕ್ಕೆ ಮಕ್ಕಳನ್ನು ಕಳುಹಿಸಲು ಉಳ್ಳವರಿಗಷ್ಟೇ ಸಾಧ್ಯವಿದ್ದಾಗ ಶಾಲೆಯನ್ನೇ ಊರಿನತ್ತ ಒಯ್ಯುವುದು ದೇಸಾಯಿಯವರ ಕ್ರಮವಾಗಿತ್ತು. 1966ರಲ್ಲಿ, ಗೋಖಲೆಯವರ ಜನ್ಮಶತಮಾನೋತ್ಸವದ ವರ್ಷ, ಅಂಕೋಲೆಯಲ್ಲಿ ಗೋಖಲೆ ಸೆಂಟೆನರಿ ಕಾಲೇಜು ಆರಂಭವಾಯಿತು. ಮರುವರ್ಷ ಅವರು ಪಕ್ಷೇತರರಾಗಿ ಲೋಕಸಭೆಗೆ ಆಯ್ಕೆಯಾದರು.

ದೇಸಾಯಿಯವರು 1982ರಲ್ಲಿ ನಿಧನರಾದರು. ಗೋಖಲೆಯವರು ಬಯಸಿದ ಕಡ್ಡಾಯ ಶಿಕ್ಷಣವು ಮಕ್ಕಳ ಹಕ್ಕಾಗಿ ಕಾನೂನಿನ ರೂಪ ತಳೆದುದು 2009ರಲ್ಲಿ. ಪ್ರಭುತ್ವದ ಹೊಣೆಯನ್ನು ಒಂದು ಟ್ರಸ್ಟ್ ಪೂರ್ಣವಾಗಿ ಹೊರಲಾರದು ಎಂಬುದು ನಿಜ. ಆದರೆ ಆ ಹೊಣೆ ಈಡೇರುವವರೆಗೆ ಒಂದು ತಲೆಮಾರಿನ ಮಕ್ಕಳು ಕಾಯುತ್ತ ಕೂರಲಾರರೆಂಬ ಅರಿವು ಅವರ ಶಾಲೆಗಳ ಹಿಂದೆ ಇತ್ತು. ಅವರ ಚುಟುಕಗಳ ವ್ಯಂಗ್ಯವನ್ನು ಈ ಅರಿವಿನ ಬೆಳಕಿನಲ್ಲಿ ಓದುವುದು ಹೆಚ್ಚು ಉಚಿತ.