ಯೊಹಾನೆಸ್ ಡಿಡೆರಿಕ್ ವಾನ್ ಡರ್ ವಾಲ್ಸ್

ಯೊಹಾನೆಸ್ ಡಿಡೆರಿಕ್ ವಾನ್ ಡರ್ ವಾಲ್ಸ್ (ನವೆಂಬರ್ 23, 1837 – ಮಾರ್ಚ್ 8, 1923) ನೆದರ್ಲೆಂಡ್ಸ್ ದೇಶದ ಭೌತವಿಜ್ಞಾನಿ. ನೈಜ ಅನಿಲಗಳು ಆದರ್ಶ ಅನಿಲ ನಿಯಮದಿಂದ ಏಕೆ ಮತ್ತು ಎಷ್ಟು ವ್ಯತ್ಯಾಸಗೊಳ್ಳುತ್ತವೆ ಎಂಬುದನ್ನು ಲೆಕ್ಕಹಾಕಲು ನೆರವಾಗುವ ಸ್ಥಿತಿ ಸಮೀಕರಣವನ್ನು ಇವರು ರೂಪಿಸಿದರು. ಅನಿಲ ಮತ್ತು ದ್ರವಗಳ ಸ್ಥಿತಿ ಸಮೀಕರಣದ ಕುರಿತ ಕಾರ್ಯಕ್ಕಾಗಿ ಇವರಿಗೆ 1910ರ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿ ದೊರೆಯಿತು.

ಜನನ ಮತ್ತು ವಿದ್ಯಾಭ್ಯಾಸ

ವಾನ್ ಡರ್ ವಾಲ್ಸ್ ಲೈಡನ್ ನಗರದಲ್ಲಿ ಜನಿಸಿದರು. ತಂದೆ ಬಡಗಿ, ಹತ್ತು ಮಕ್ಕಳಲ್ಲಿ ಇವರೇ ಹಿರಿಯರು. ಹದಿನೈದನೆಯ ವಯಸ್ಸಿಗೆ ಶಾಲಾ ಶಿಕ್ಷಣ ಮುಗಿಸಿ ಶಿಕ್ಷಕವೃತ್ತಿಯ ತರಬೇತಿಗೆ ಸೇರಿದರು. ಲ್ಯಾಟಿನ್ ಮತ್ತು ಗ್ರೀಕ್ ಭಾಷೆಗಳನ್ನು ಕಲಿತಿರದ ಕಾರಣ ವಿಶ್ವವಿದ್ಯಾನಿಲಯದ ಪರೀಕ್ಷೆಗಳಿಗೆ ಕುಳಿತುಕೊಳ್ಳುವ ಅರ್ಹತೆ ಇವರಿಗಿರಲಿಲ್ಲ. ಆದರೂ 1862ರಿಂದ 1865ರವರೆಗೆ ಲೈಡನ್ ವಿಶ್ವವಿದ್ಯಾನಿಲಯದಲ್ಲಿ ಗಣಿತ, ಭೌತಶಾಸ್ತ್ರ ಮತ್ತು ಖಗೋಳಶಾಸ್ತ್ರದ ಉಪನ್ಯಾಸಗಳನ್ನು ಕೇಳಿದರು. ಬಳಿಕ ಡೆವೆಂಟರ್ ಮತ್ತು ಹೇಗ್ ನಗರಗಳ ಪ್ರೌಢಶಾಲೆಗಳಲ್ಲಿ ಅಧ್ಯಾಪಕರಾದರು. ಮುಂದೆ ವಿಜ್ಞಾನದ ವಿದ್ಯಾರ್ಥಿಗಳಿಗೆ ಪ್ರಾಚೀನ ಭಾಷೆಗಳಿಂದ ವಿನಾಯಿತಿ ದೊರೆತಾಗ ಪರೀಕ್ಷೆಗಳಲ್ಲಿ ತೇರ್ಗಡೆಯಾಗಿ, 1873ರಲ್ಲಿ ಡಾಕ್ಟರೇಟ್ ಪಡೆದರು. ಆಗ ಅವರಿಗೆ 35 ವರ್ಷ.

ಸ್ಥಿತಿ ಸಮೀಕರಣ

ಆದರ್ಶ ಅನಿಲ ನಿಯಮವು ಅಣುಗಳಿಗೆ ಗಾತ್ರವಿಲ್ಲ, ಅವುಗಳ ನಡುವೆ ಆಕರ್ಷಣೆಯೂ ಇಲ್ಲ ಎಂದು ಭಾವಿಸುತ್ತದೆ. ಒತ್ತಡ ಹೆಚ್ಚಿದಾಗ ಅಥವಾ ಅನಿಲವು ದ್ರವವಾಗುವ ಹಂತಕ್ಕೆ ತಣಿದಾಗ ಈ ಲೆಕ್ಕ ತಪ್ಪುತ್ತದೆ. ವಾನ್ ಡರ್ ವಾಲ್ಸ್ ತಮ್ಮ ಪ್ರಬಂಧದಲ್ಲಿ ಎರಡು ತಿದ್ದುಪಡಿಗಳನ್ನು ಮಾಡಿದರು. ಅಣುಗಳ ಪರಸ್ಪರ ಆಕರ್ಷಣೆಯಿಂದ ಒತ್ತಡ ಕುಗ್ಗುವುದರಿಂದ, ಒಂದು ಸ್ಥಿರಾಂಕವನ್ನು ಗಾತ್ರದ ವರ್ಗದಿಂದ ಭಾಗಿಸಿ ಅಳೆದ ಒತ್ತಡಕ್ಕೆ ಕೂಡಿಸಿದರು. ಅಣುಗಳೂ ಸ್ಥಳವನ್ನು ಆಕ್ರಮಿಸುವುದರಿಂದ, ಒಟ್ಟು ಗಾತ್ರದಿಂದ ಮತ್ತೊಂದು ಸ್ಥಿರಾಂಕವನ್ನು ಕಳೆದರು. ಒಂದು ಮೋಲ್ ಅನಿಲಕ್ಕೆ, ಹೀಗೆ ತಿದ್ದಿದ ಒತ್ತಡ ಮತ್ತು ಗಾತ್ರಗಳ ಗುಣಲಬ್ಧವು ಅನಿಲ ಸ್ಥಿರಾಂಕ ಹಾಗೂ ನಿರಪೇಕ್ಷ ಉಷ್ಣತೆಗಳ ಗುಣಲಬ್ಧಕ್ಕೆ ಸಮ. ಈ ಎರಡು ಸ್ಥಿರಾಂಕಗಳ ಬೆಲೆ ಅನಿಲದಿಂದ ಅನಿಲಕ್ಕೆ ಬೇರೆಯಾಗಿರುತ್ತದೆ.

ಅಣುಗಳ ಅಸ್ತಿತ್ವವನ್ನೇ ಹಲವು ವಿಜ್ಞಾನಿಗಳು ಸಂದೇಹಿಸುತ್ತಿದ್ದ ಕಾಲದಲ್ಲಿ ಈ ಸಮೀಕರಣವು ಅನಿಲ ಮತ್ತು ದ್ರವ ಸ್ಥಿತಿಗಳೆರಡನ್ನೂ ಒಂದೇ ಸೂತ್ರದಲ್ಲಿ ವಿವರಿಸಿತು. ಥಾಮಸ್ ಆಂಡ್ರ್ಯೂಸ್ ಪ್ರಯೋಗದಿಂದ ಕಂಡುಕೊಂಡಿದ್ದಂತೆ, ಇಂಗಾಲದ ಡೈಆಕ್ಸೈಡ್ ಸುಮಾರು 31 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಎಷ್ಟೇ ಒತ್ತಿದರೂ ದ್ರವವಾಗುವುದಿಲ್ಲ. ಇಂತಹ ಕ್ರಾಂತಿಕ ಉಷ್ಣತೆ ಏಕೆ ಇದೆ ಎಂಬುದಕ್ಕೂ ಸಮೀಕರಣ ಉತ್ತರ ನೀಡಿತು. ಆದರೆ ಕ್ರಾಂತಿಕ ಬಿಂದುವಿನಲ್ಲಿ ಎಲ್ಲ ಅನಿಲಗಳ ಸಂಪೀಡ್ಯತಾ ಗುಣಕ 0.375 ಎಂದು ಅದು ಸೂಚಿಸುತ್ತದೆ. ಇಂಗಾಲದ ಡೈಆಕ್ಸೈಡ್‌ಗೆ ಅಳತೆಯಿಂದ ದೊರೆತ ಬೆಲೆ ಸುಮಾರು 0.27. ಆದ್ದರಿಂದ ನಿಖರ ಲೆಕ್ಕಗಳಿಗೆ ನಂತರ ಬಂದ ಸುಧಾರಿತ ಸಮೀಕರಣಗಳನ್ನು ಬಳಸಲಾಗುತ್ತದೆ.

ನಂತರದ ಜೀವನ

1877ರಲ್ಲಿ ವಾನ್ ಡರ್ ವಾಲ್ಸ್ ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾದರು. 1880ರಲ್ಲಿ ಅನುರೂಪ ಸ್ಥಿತಿಗಳ ನಿಯಮವನ್ನು ಮಂಡಿಸಿದರು. ಮರುವರ್ಷ ಪತ್ನಿ ಅನ್ನಾ ಕ್ಷಯರೋಗದಿಂದ ತೀರಿಕೊಂಡರು. ಆ ದುಃಖದಿಂದ ಸುಮಾರು ಒಂದು ದಶಕ ಕಾಲ ಅವರು ಏನನ್ನೂ ಪ್ರಕಟಿಸಲಿಲ್ಲ. 1890ರಲ್ಲಿ ದ್ವಿಘಟಕ ಮಿಶ್ರಣಗಳ ಸಿದ್ಧಾಂತದೊಂದಿಗೆ ಸಂಶೋಧನೆಗೆ ಮರಳಿದರು. 1908ರಲ್ಲಿ ನಿವೃತ್ತರಾದರು. ಅದೇ ವರ್ಷ ಕಾಮರ್ಲಿಂಗ್ ಓನ್ನೆಸ್ ಲೈಡನ್‌ನಲ್ಲಿ ಹೀಲಿಯಂ ಅನ್ನು ಮೊದಲ ಬಾರಿಗೆ ದ್ರವೀಕರಿಸಿದರು. ಆ ಯತ್ನಕ್ಕೆ ಅನುರೂಪ ಸ್ಥಿತಿಗಳ ನಿಯಮ ದಾರಿ ತೋರಿತ್ತು.

ವಾನ್ ಡರ್ ವಾಲ್ಸ್ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ನಿಧನರಾದರು. ಅಣುಗಳ ನಡುವಿನ ದುರ್ಬಲ ಆಕರ್ಷಣ ಬಲಗಳನ್ನು ಇಂದು ವಾನ್ ಡರ್ ವಾಲ್ಸ್ ಬಲಗಳೆಂದು ಕರೆಯಲಾಗುತ್ತದೆ.